ಖಿನ್ನತೆಯ ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುವವರಿಗೆ

ಕಲಬುರಗಿಯ ಸೇಡಂ ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುವ ನನಗೆ, ಮನೋವೈದ್ಯರ ಚೀಟಿ ಹಿಡಿದು ಬರುವವರ ವಿಷಯದಲ್ಲಿ ಒಂದು ಸಂಗತಿ ವರ್ಷದಿಂದ ವರ್ಷಕ್ಕೆ ಸ್ಪಷ್ಟವಾಗುತ್ತ ಬಂದಿದೆ. ಮೊದಲ ತಿಂಗಳು ರೋಗಿಯ ಜೊತೆ ಮನೆಯವರೂ ಬಂದು ಪೂರ್ತಿ ತಿಂಗಳಿಗಾಗುವಷ್ಟು ಮಾತ್ರೆ ಒಯ್ಯುತ್ತಾರೆ. ಎರಡನೆಯ ತಿಂಗಳು ರೋಗಿ ಒಬ್ಬನೇ ಬರುತ್ತಾನೆ. ನಿದ್ದೆ ಹತ್ತುತ್ತಿದೆ, ಊಟ ರುಚಿಸುತ್ತಿದೆ, ಕೆಲಸಕ್ಕೆ ಹೋಗಲು ಮನಸ್ಸಾಗುತ್ತಿದೆ ಎಂದು ತಾನಾಗಿ ಹೇಳುತ್ತಾನೆ. ಮೂರನೆಯ ತಿಂಗಳು "ಹತ್ತ ಗುಳಿಗಿ ಸಾಕ್ರಿ ಅಕ್ಕಾ" ಎನ್ನುತ್ತಾನೆ. ಆಮೇಲೆ ಬರುವುದನ್ನೇ ಬಿಡುತ್ತಾನೆ. ಹಣದ ಅಡಚಣೆಯಿಂದ ಬಿಟ್ಟವರಿದ್ದಾರೆ, ಗುಣವಾಯಿತೆಂದು ಬಿಟ್ಟವರಿದ್ದಾರೆ, ಮಾತ್ರೆಯ ಚಟ ಅಂಟಿಕೊಂಡೀತೆಂಬ ಹೆದರಿಕೆಯಿಂದ ಬಿಟ್ಟವರೂ ಇದ್ದಾರೆ. ಆದರೆ ಅಂಗಡಿ ಖಾಲಿಯಿರುವ ಹೊತ್ತು ನೋಡಿ ಮೆಲ್ಲಗೆ ಕೇಳಿದಾಗ ಬಾಯಿಬಿಟ್ಟವರಲ್ಲಿ ಅನೇಕರು ಹೇಳಿದ ಕಾರಣ ಬೇರೆಯದೇ ಆಗಿತ್ತು. ಮಾತ್ರೆ ಶುರುವಾದ ಮೇಲೆ ಅವರಿಗೆ ಹಾಸಿಗೆಯ ಸುಖ ಇಲ್ಲವಾಗಿತ್ತು, ಅದನ್ನು ಯಾರಿಗೂ ಹೇಳಲಾಗದೆ ಅವರು ಮಾತ್ರೆಯನ್ನೇ ಕೈಬಿಟ್ಟಿದ್ದರು.

ನಮ್ಮ ಭಾಗದಲ್ಲಿ ಮನಸ್ಸಿನ ಕಾಯಿಲೆಯವರು ನೇರವಾಗಿ ಮನೋವೈದ್ಯರ ಬಾಗಿಲಿಗೆ ಬರುವುದು ಕಡಿಮೆ. ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಸೇವೆ ಮಾಡಿ, ಬಂದೇ ನವಾಜರ ದರ್ಗಾಕ್ಕೆ ನಡೆದುಕೊಂಡು, ಊರ ದೇವರಿಗೆ ಹರಕೆ ಹೊತ್ತು, ಹೊಟ್ಟೆಗೆ ಮತ್ತು ತಲೆನೋವಿಗೆಂದು ಹತ್ತಾರು ವೈದ್ಯರನ್ನು ಕಂಡು, ಕೊನೆಗೆ ಇಲ್ಲಿಗೆ ತಲುಪುತ್ತಾರೆ. ಆ ನಂಬಿಕೆಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅಷ್ಟು ದೂರ ನಡೆದು ಬಂದವರು, ಮಾತ್ರೆಯಿಂದ ಚೇತರಿಸಿಕೊಂಡವರು, ಪರಿಹಾರವಿರುವ ಒಂದು ತೊಂದರೆಯನ್ನು ಹೇಳಿಕೊಳ್ಳಲಾಗದೆ ಹಿಂದಿರುಗಿ ಅದೇ ಕತ್ತಲೆಗೆ ಹೋಗುತ್ತಾರಲ್ಲ ಎಂಬುದು ನನ್ನ ಸಂಕಟ. ಆದ್ದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಇಂದು ಖಿನ್ನತೆಗೂ ಆತಂಕಕ್ಕೂ ಹೆಚ್ಚಾಗಿ ಬರೆಯುವ ಎಸ್ಸಿಟಾಲೊಪ್ರಾಂ, ಸರ್ಟ್ರಾಲಿನ್, ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳು ಮೆದುಳಿನ ನರಕೋಶಗಳ ನಡುವೆ ಸಿರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಮನಸ್ಸಿನ ಭಾರ ಇಳಿಯಲು ಇದು ನೆರವಾಗುತ್ತದೆ. ಆದರೆ ಹೆಚ್ಚಿದ ಸಿರೊಟೋನಿನ್ ಬೇರೆ ಕಡೆಯೂ ಕೆಲಸ ಮಾಡುತ್ತದೆ: ಬಯಕೆಯನ್ನು ಎಬ್ಬಿಸುವ ಡೋಪಮೈನ್‌ನ ಓಟವನ್ನು ತಗ್ಗಿಸುತ್ತದೆ, ಬೆನ್ನುಹುರಿಯ ಮಟ್ಟದಲ್ಲಿ ಸ್ಖಲನವನ್ನೂ ಸುಖದ ಪರಾಕಾಷ್ಠೆಯನ್ನೂ ತಡಮಾಡುತ್ತದೆ. ಜನನಾಂಗಗಳಿಗೆ ರಕ್ತ ಹರಿಯಲು ಬೇಕಾದ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಗೆ ಪ್ಯಾರಾಕ್ಸೆಟಿನ್ ಅಡ್ಡಿ ಮಾಡುತ್ತದೆಂಬುದೂ ತಿಳಿದಿದೆ. ಹೀಗಾಗಿ ತೊಂದರೆ ಒಂದೇ ಬಗೆಯದಲ್ಲ. ಕೆಲವರಿಗೆ ಬಯಕೆಯೇ ಹುಟ್ಟುವುದಿಲ್ಲ. ಕೆಲವರಿಗೆ ಬಯಕೆಯಿದ್ದೂ ದೇಹ ಸ್ಪಂದಿಸುವುದಿಲ್ಲ, ಅಂದರೆ ಗಂಡಸರಿಗೆ ನಿಮಿರುವಿಕೆ ಬಾರದು, ಹೆಂಗಸರಿಗೆ ತೇವ ಉಂಟಾಗದೆ ನೋವಾಗುತ್ತದೆ. ಇನ್ನು ಕೆಲವರಿಗೆ ಎಲ್ಲವೂ ಸರಿಯಿದ್ದು ಕೊನೆಯ ಸುಖ ಮಾತ್ರ ಎಷ್ಟು ಹೊತ್ತಾದರೂ ಬರುವುದಿಲ್ಲ, ಅಥವಾ ಆ ಜಾಗವೇ ಜೋಮು ಹಿಡಿದಂತಿರುತ್ತದೆ. ಈ ಮೂರರಲ್ಲಿ ಕೊನೆಯದು, ಅಂದರೆ ತಡವಾಗುವುದು ಅಥವಾ ಆಗದೇ ಹೋಗುವುದು, ಈ ಗುಂಪಿನ ಮಾತ್ರೆಗಳ ಮುಖ್ಯ ಗುರುತು. ಶೀಘ್ರಸ್ಖಲನಕ್ಕೆ ವೈದ್ಯರು ಪ್ಯಾರಾಕ್ಸೆಟಿನ್ ಬರೆಯುವುದೂ ಇದೇ ಗುಣವನ್ನು ಬಳಸಿಕೊಂಡು.

ಇದು ಅಪರೂಪವಲ್ಲ. ಫ್ಲುಯಾಕ್ಸೆಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರ ಕೊನೆಯಲ್ಲಿ. ಆರಂಭದ ವರ್ಷಗಳಲ್ಲಿ ರೋಗಿಗಳು ತಾವಾಗಿ ಹೇಳಿಕೊಂಡ ದೂರುಗಳನ್ನಷ್ಟೇ ಲೆಕ್ಕ ಹಿಡಿದಿದ್ದರಿಂದ ಈ ತೊಂದರೆ ಚಿಕ್ಕದೆಂದೇ ತೋರಿತ್ತು. 1997ರಲ್ಲಿ ಸ್ಪೇನಿನ ವೈದ್ಯರು 344 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಲ್ಲಿ ತಾವಾಗಿಯೇ ಹೇಳಿದವರು ನೂರಕ್ಕೆ ಸುಮಾರು 14 ಮಂದಿ; ವೈದ್ಯರು ನೇರವಾಗಿ ಕೇಳಿದಾಗ ಹೌದೆಂದವರು ನೂರಕ್ಕೆ 58 ಮಂದಿ. ಅದೇ ತಂಡ 2001ರಲ್ಲಿ 1022 ರೋಗಿಗಳನ್ನು ಕೇಳಿ ನೋಡಿದಾಗಲೂ ಒಟ್ಟಾರೆ ಪ್ರಮಾಣ ನೂರಕ್ಕೆ 59ರಷ್ಟಿತ್ತು. ಗಂಡಸರಲ್ಲಿ ತುಸು ಹೆಚ್ಚು ಮಂದಿಗೆ, ಹೆಂಗಸರಲ್ಲಿ ತುಸು ಕಡಿಮೆ ಮಂದಿಗೆ. ಆದರೆ ಹೆಂಗಸರಲ್ಲಿ ತೀವ್ರತೆ ಹೆಚ್ಚು. ಸ್ಪೇನಿನಲ್ಲೇ ಕೇಳದೆ ಹೇಳುವವರು ಅಷ್ಟು ಕಡಿಮೆಯೆಂದ ಮೇಲೆ, ಅತ್ತೆಯನ್ನೋ ಅಣ್ಣನನ್ನೋ ಜೊತೆಗೆ ಕೂರಿಸಿಕೊಂಡು ವೈದ್ಯರ ಮುಂದೆ ಕುಳಿತಿರುವ ನಮ್ಮ ಆಳಂದ, ಜೇವರ್ಗಿ, ಚಿಂಚೋಳಿಯ ರೋಗಿಗಳು ತಾವಾಗಿ ಹೇಳಿಯಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ತಾವು ಇಂಥ ಮಾತ್ರೆ ನುಂಗುತ್ತಿದ್ದೇವೆಂದು ತಿಳಿಯದವರೂ ಬಹಳ. ಸಕ್ಕರೆ ಕಾಯಿಲೆಯವರ ಕಾಲುರಿಗೆ ಬರೆಯುವ ಡುಲಾಕ್ಸೆಟಿನ್, ಹಳೆಯ ತಲೆನೋವಿಗೆ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್, ಎರಡೂ ಖಿನ್ನತೆಯ ಔಷಧಗಳೇ, ಎರಡರಿಂದಲೂ ಈ ತೊಂದರೆ ಬರಬಹುದು. ನಮ್ಮಲ್ಲಿ ಬಹಳ ಓಡುವ ಇನ್ನೊಂದು ಮಾತ್ರೆಯೆಂದರೆ ಎಸ್ಸಿಟಾಲೊಪ್ರಾಂ ಮತ್ತು ಕ್ಲೋನಜೆಪಾಂ ಎರಡನ್ನೂ ಸೇರಿಸಿದ್ದು. ಜನ ಅದನ್ನು ನಿದ್ದೆ ಗುಳಿಗೆಯೆಂದೇ ಕರೆಯುತ್ತಾರೆ. ಅದರಲ್ಲಿ ಕ್ಲೋನಜೆಪಾಂ ಕೂಡ ಮಂಪರು ತಂದು ಬಯಕೆಯನ್ನು ಕುಗ್ಗಿಸಬಲ್ಲದು. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಕೆಲವು ಕ್ಯಾಪ್ಸೂಲುಗಳಲ್ಲಿ ಲೆವೊಸಲ್ಪಿರೈಡ್ ಸೇರಿರುತ್ತದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುವುದರಿಂದ ಮುಟ್ಟು ಏರುಪೇರಾಗಬಹುದು, ಎದೆಯಲ್ಲಿ ಹಾಲಿನಂಥ ದ್ರವ ಬರಬಹುದು, ಬಯಕೆ ತಗ್ಗಬಹುದು. ತೀವ್ರ ಮನೋರೋಗಗಳಿಗೆ ಕೊಡುವ ರಿಸ್ಪೆರಿಡೋನ್‌ನಂತಹ ಔಷಧಗಳಿಂದಲೂ ಇದೇ ಆಗುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರೆಂದು ನಾನು ಹೇಳುತ್ತೇನೆ. ಹೊಟ್ಟೆಯದು, ಬಿಪಿಯದು, ಸಕ್ಕರೆಯದು ಎಂದು ಬಿಟ್ಟುಹೋಗಬಾರದು.

ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವುದೂ ತಪ್ಪು. ಖಿನ್ನತೆ ಬಂದಾಗ ಮೊದಲು ಬತ್ತುವವುಗಳಲ್ಲಿ ಈ ಬಯಕೆಯೂ ಒಂದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಸಾರಾಯಿ, ತಂಬಾಕು, ಬಿಪಿಗೆ ಕೊಡುವ ಕೆಲವು ಔಷಧಗಳು, ಹೆರಿಗೆಯ ನಂತರದ ದಣಿವು, ಮನೆಯಲ್ಲಿನ ಜಗಳ, ಎಲ್ಲವೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಯಾವುದು ರೋಗದ್ದು, ಯಾವುದು ಮಾತ್ರೆಯದೆಂದು ಬೇರ್ಪಡಿಸಲು ಒಂದೇ ಒಳ್ಳೆಯ ದಾರಿಯಿದೆ: ಮಾತ್ರೆ ಶುರುಮಾಡುವ ಮೊದಲೇ ಸ್ಥಿತಿ ಹೇಗಿತ್ತೆಂದು ಗುರುತು ಹಾಕಿಕೊಳ್ಳುವುದು. ಮನೋವೈದ್ಯರು ಬಳಸುವ ಅರಿಜೋನಾ ಮಾಪಕವೆಂಬ ಪ್ರಶ್ನಾವಳಿಯಲ್ಲಿ ಐದೇ ಪ್ರಶ್ನೆಗಳಿವೆ. ಬಯಕೆ ಎಷ್ಟಿದೆ, ಉದ್ರೇಕ ಸುಲಭವಾಗಿ ಆಗುತ್ತದೆಯೇ, ನಿಮಿರುವಿಕೆ ಅಥವಾ ತೇವ ಸರಿಯಾಗಿದೆಯೇ, ಪರಾಕಾಷ್ಠೆ ತಲುಪುವುದು ಎಷ್ಟು ಸುಲಭ, ಅದರಿಂದ ತೃಪ್ತಿ ಸಿಗುತ್ತಿದೆಯೇ. ಈ ಐದಕ್ಕೂ ನಿಮ್ಮ ಉತ್ತರವನ್ನು ಮಾತ್ರೆ ಶುರುವಾಗುವ ಮೊದಲು ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಬರೆದಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಮಾತ್ರೆಯಿಂದ ಆಗುವ ತೊಂದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಶುರುವಾಗುತ್ತದೆ, ಎಷ್ಟೋ ಸಲ ಮನಸ್ಸು ಹಗುರಾಗುವ ಮೊದಲೇ. ಮನಸ್ಸು ಚೇತರಿಸಿಕೊಂಡು, ಉಳಿದೆಲ್ಲ ಆಸಕ್ತಿಗಳು ಮರಳಿ, ಇದೊಂದು ಮಾತ್ರ ಮರಳದಿದ್ದರೆ ಮಾತ್ರೆಯ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಹೆಂಗಸರ ಮಾತನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಈ ತೊಂದರೆಯೆಂದರೆ ಗಂಡಸರದು ಎಂದೇ ಜನ ತಿಳಿದಿದ್ದಾರೆ, ಕೆಲವು ವೈದ್ಯರೂ ಹಾಗೆಯೇ ನಡೆದುಕೊಳ್ಳುತ್ತಾರೆ. ಹೆಂಗಸಿಗೆ ಸುಖ ಸಿಗದಿದ್ದರೆ ಏನು ನಷ್ಟ ಎಂಬ ಧೋರಣೆ ಬಾಯಲ್ಲಿ ಬರದಿದ್ದರೂ ಮೌನದಲ್ಲಿ ಇರುತ್ತದೆ. ಆಳಂದ ಕಡೆಯ ಒಬ್ಬ ತಾಯಿ ನಮ್ಮಲ್ಲಿಗೆ ಮಾತ್ರೆಗೆ ಬರುತ್ತಿದ್ದರು. ಪ್ರತಿ ಸಲವೂ "ಭಾಳ ವೀಕ್‌ನೆಸ್ ಅದರಿ, ಟಾನಿಕ್ ಕೊಡ್ರಿ" ಎನ್ನುತ್ತಿದ್ದರು. ಊಟ, ನಿದ್ದೆ, ಮುಟ್ಟು, ರಕ್ತ ಎಲ್ಲವನ್ನೂ ವಿಚಾರಿಸಿದೆ, ಎಲ್ಲವೂ ಸರಿಯಿದ್ದವು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಯಿಂದ ಹೇಳಲು ಆಗದಿದ್ದರೆ ಬರೆದು ತೋರಿಸಿ ಎಂದು ಬಿಲ್ಲಿನ ಹಾಳೆಯನ್ನು ಮಗುಚಿ ಪೆನ್ನಿನ ಜೊತೆ ಮುಂದಿಟ್ಟೆ. ಬಹಳ ಹೊತ್ತು ಪೆನ್ನು ಹಿಡಿದು ನಿಂತು, ಕೊನೆಗೆ ಎರಡು ಸಾಲು ಬರೆದರು: "ಗುಳಿಗಿ ಸುರು ಆದ ಮ್ಯಾಲ ಮನಸ ಬರವಲ್ದು. ಮೊದಲ ಹಿಂಗ ಇದ್ದಿಲ್ಲ." ಆ ಹಾಳೆಯನ್ನೇ ಮಡಚಿ ಚೀಟಿಯ ಜೊತೆ ಪಿನ್ ಮಾಡಿ, ಮುಂದಿನ ಸಲ ವೈದ್ಯರ ಕೈಗೆ ಇದನ್ನು ಕೊಡಿ, ಏನೂ ಮಾತಾಡಬೇಕಿಲ್ಲ ಎಂದೆ. ಅವರು ಕೊಟ್ಟರು. ವೈದ್ಯರು ಜೊತೆಗಿದ್ದ ಅತ್ತೆಯನ್ನು ಹೊರಗೆ ಕೂರಲು ಹೇಳಿ ವಿಚಾರಿಸಿದರು, ಔಷಧವನ್ನು ನಿಧಾನಕ್ಕೆ ಬದಲಿಸಿದರು. ಮುಂದೆ ಅವರು ಟಾನಿಕ್ ಕೇಳಲಿಲ್ಲ. ಅಂದಿನಿಂದ ಹೇಳಲಾಗದವರಿಗೆಲ್ಲ ನಾನು ಬರೆದುಕೊಡುವ ಈ ದಾರಿಯನ್ನೇ ಹೇಳುತ್ತ ಬಂದಿದ್ದೇನೆ. ಎರಡು ಸಾಲು ಸಾಕು: ಯಾವ ಮಾತ್ರೆ, ಯಾವಾಗಿನಿಂದ, ಮೊದಲು ಹೇಗಿತ್ತು, ಈಗ ಹೇಗಿದೆ.

ಗಂಡಸರು ಬೇರೆ ದಾರಿ ಹಿಡಿಯುತ್ತಾರೆ, ಅದು ಇನ್ನೂ ಅಪಾಯದ್ದು. ರೈಲು ಹಳಿಯ ಬದಿಯ ಗೋಡೆಗಳ ಮೇಲೆ ಗುಪ್ತ ರೋಗಕ್ಕೆ ಶರ್ತಿನ ಇಲಾಜು ಎಂದು ಬರೆದಿರುವವರ ಬಳಿ, ಲಾಡ್ಜಿನಲ್ಲಿ ಕೋಣೆ ಹಿಡಿದು ಪುಡಿ ಮಾರುವವರ ಬಳಿ ಹೋಗುತ್ತಾರೆ. ಇಲ್ಲವೇ ಗುರುತಿಲ್ಲದ ಅಂಗಡಿಗೆ ಹೋಗಿ ಪವರ್ ಗುಳಿಗೆ ಕೇಳುತ್ತಾರೆ. ಶಹಾಬಾದ್ ಕಡೆಯ ಒಬ್ಬ ಹಿರಿಯರು ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಬಾಗಿಲ ಬಳಿ ನಿಂತಿದ್ದು, ಆಮೇಲೆ ನನ್ನನ್ನು ನೋಡದೆ, ಒಳಗೆ ಸಾಮಾನು ಜೋಡಿಸುತ್ತಿದ್ದ ನಮ್ಮ ಹುಡುಗನ ಕಡೆ ತಿರುಗಿ ಅದನ್ನು ಕೇಳಿದರು. ಅವರ ಹಳೆಯ ಚೀಟಿ ನನಗೆ ನೆನಪಿತ್ತು: ಸರ್ಟ್ರಾಲಿನ್ ಒಂದು ಕಡೆ, ಎದೆನೋವು ಬಂದರೆ ನಾಲಿಗೆಯಡಿ ಇಡಲು ಸಾರ್ಬಿಟ್ರೇಟ್ ಇನ್ನೊಂದು ಕಡೆ. ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಔಷಧದ ಜೊತೆ, ಪವರ್ ಗುಳಿಗೆಯಲ್ಲಿರುವ ನಿಮಿರುವಿಕೆಯ ಔಷಧ ಸಿಲ್ಡೆನಾಫಿಲ್ ಸೇರಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಪ್ರಾಣವೇ ಹೋಗಬಹುದು. ಅಷ್ಟೇ ಅಲ್ಲ, ಪೇಟೆಯಲ್ಲಿ ಪವರ್ ಗುಳಿಗೆಯೆಂದು ಓಡುವ ಕೆಲವದರಲ್ಲಿ ಸಿಲ್ಡೆನಾಫಿಲ್ ಜೊತೆ ಡಾಪೊಕ್ಸೆಟಿನ್ ಕೂಡ ಸೇರಿರುತ್ತದೆ. ಡಾಪೊಕ್ಸೆಟಿನ್ ಸರ್ಟ್ರಾಲಿನ್‌ನ ಗುಂಪಿನದೇ. ಮೊದಲೇ ತಡವಾಗುತ್ತಿರುವವರಿಗೆ ಅದು ಇನ್ನಷ್ಟು ತಡ ಮಾಡುತ್ತದೆ. ಎರಡೂ ಸೇರಿದರೆ ಸಿರೊಟೋನಿನ್ ಮಿತಿಮೀರಿ ನಡುಕ, ಜ್ವರ, ಬೆವರು, ಗೊಂದಲ, ಎದೆಬಡಿತ ಶುರುವಾಗಿ ಆಸ್ಪತ್ರೆ ಸೇರಬೇಕಾದೀತು. ನೋವಿನ ಮಾತ್ರೆ ಟ್ರಮಡಾಲ್ ಅನ್ನು ಇದೇ ಉದ್ದೇಶಕ್ಕೆ ಕದ್ದು ನುಂಗುವವರಿಗೂ ಅದೇ ಗಂಡಾಂತರ, ಮೇಲೆ ಫಿಟ್ಸ್ ಬರುವ ಭಯ. ಇವೆಲ್ಲ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಹಾಗಿದ್ದೂ ಮಾರುವವರಿದ್ದಾರೆ ಎಂಬುದು ನನ್ನ ವೃತ್ತಿಗೆ ಅಂಟಿದ ಕಳಂಕ.

ಆ ಹಿರಿಯರಿಗೆ ನಾನು ಮಾತ್ರೆ ಕೊಡಲಿಲ್ಲ. ಸರ್ಟ್ರಾಲಿನ್ ಬರೆದ ವೈದ್ಯರ ಬಳಿಗೆ ಹೋಗಿ ಇದೇ ಮಾತನ್ನು ಹೇಳಿ, ಅವರು ನಗುವುದಿಲ್ಲ ಎಂದೆ. ಆ ವೈದ್ಯರು ಎದೆಯ ವೈದ್ಯರನ್ನೂ ಕೇಳಿಕೊಂಡು ಸರ್ಟ್ರಾಲಿನ್ ಪ್ರಮಾಣವನ್ನು ಇಳಿಸಿದರು. ಪೂರ್ತಿ ಮೊದಲಿನಂತಾಗಲಿಲ್ಲ, ಆದರೆ ಸುಧಾರಿಸಿತು, ಮನಸ್ಸಿನ ಕಾಯಿಲೆಯೂ ಮರಳಲಿಲ್ಲ.

ಮಾತ್ರೆಯನ್ನು ಹೇಳದೆ ಕೇಳದೆ ಒಮ್ಮೆಗೇ ಬಿಟ್ಟರೆ ಎರಡು ಬಗೆಯ ಹಾನಿ. ಮೊದಲನೆಯದು ಕೆಲವೇ ದಿನಗಳಲ್ಲಿ ಕಾಣುತ್ತದೆ: ತಲೆ ತಿರುಗುವುದು, ವಾಕರಿಕೆ, ಸಿಟ್ಟು, ನಿದ್ದೆಗೇಡು, ವಿಚಿತ್ರ ಕನಸುಗಳು, ತಲೆಯೊಳಗೆ ಕರೆಂಟು ಹೊಡೆದಂಥ ಝಟಕೆ. ಪ್ಯಾರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು, ದೇಹದಲ್ಲಿ ಬಹಳ ದಿನ ಉಳಿಯುವ ಫ್ಲುಯಾಕ್ಸೆಟಿನ್‌ನಲ್ಲಿ ಕಡಿಮೆ. ಎರಡನೆಯ ಹಾನಿ ತಿಂಗಳುಗಳ ನಂತರ ಬರುತ್ತದೆ, ಅದು ಕಾಯಿಲೆ ಮರುಕಳಿಸುವುದು. ಮೊದಲ ಸಲದ ಖಿನ್ನತೆಯಲ್ಲೂ ಪೂರ್ತಿ ಚೇತರಿಸಿಕೊಂಡ ಮೇಲೆ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಯಬೇಕೆಂಬುದು ವೈದ್ಯಕೀಯ ನಿಯಮ. ಮೂರನೆಯ ತಿಂಗಳಿಗೆ ಬಿಡುವವರು ಇದರ ಅರ್ಧ ದಾರಿಯನ್ನೂ ದಾಟಿರುವುದಿಲ್ಲ.

ಹಾಗಾದರೆ ಹೇಳಿಕೊಂಡವರಿಗೆ ವೈದ್ಯರು ಏನು ಮಾಡಬಲ್ಲರು? ಮೊದಲನೆಯದು ಕಾಯುವುದು. ಕೆಲವರಲ್ಲಿ ದೇಹ ಹೊಂದಿಕೊಂಡು ತೊಂದರೆ ತಾನಾಗಿ ತಗ್ಗುತ್ತದೆ, ಆದರೆ ಅಂಥವರು ಕಡಿಮೆ. ಆದ್ದರಿಂದ ಸರಿಹೋಗುತ್ತದೆ ಬಿಡಿ ಎಂಬ ಸಮಾಧಾನವನ್ನು ತಿಂಗಳುಗಟ್ಟಲೆ ಕೇಳುತ್ತ ಕೂರಬೇಕಿಲ್ಲ. ಎರಡನೆಯದು ಪ್ರಮಾಣ ಇಳಿಸುವುದು. ಈ ತೊಂದರೆ ಬಹುಮಟ್ಟಿಗೆ ಪ್ರಮಾಣವನ್ನು ಅವಲಂಬಿಸಿದ್ದು. ಕಾಯಿಲೆ ಹಿಡಿತದಲ್ಲಿದ್ದರೆ ಎಸ್ಸಿಟಾಲೊಪ್ರಾಂ 20ರಿಂದ 10 ಮಿಲಿಗ್ರಾಂಗೆ ಇಳಿಸಿ ನೋಡುವ ಅವಕಾಶವಿರುತ್ತದೆ. ಆದರೆ ಅದನ್ನು ಮನೆಯಲ್ಲಿ ಮಾತ್ರೆ ಮುರಿದು ತಾವೇ ಮಾಡುವುದಲ್ಲ, ಏಕೆಂದರೆ ಎಷ್ಟು ಇಳಿಸಿದರೆ ಕಾಯಿಲೆ ತಲೆ ಎತ್ತುತ್ತದೆಂಬ ಲೆಕ್ಕ ನಿಮ್ಮ ಹಿಂದಿನ ಕಥೆಯನ್ನು ತಿಳಿದ ವೈದ್ಯರಿಗೆ ಮಾತ್ರ ಸಿಗುವಂಥದು.

ಶನಿವಾರ ಭಾನುವಾರ ಮಾತ್ರೆ ಬಿಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ, ವಿಶೇಷವಾಗಿ ಪುಣೆ, ಹೈದರಾಬಾದ್‌ಗಳಲ್ಲಿ ದುಡಿದು ವಾರಕ್ಕೋ ತಿಂಗಳಿಗೋ ಒಮ್ಮೆ ಊರಿಗೆ ಬರುವವರು. 1995ರಲ್ಲಿ ಅಮೆರಿಕದ ಮನೋವೈದ್ಯರೊಬ್ಬರು ಇದನ್ನು ಪರೀಕ್ಷಿಸಿ ನೋಡಿದ್ದರು. ದೇಹದಿಂದ ಬೇಗ ಹೊರಹೋಗುವ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ನುಂಗುವವರಿಗೆ ವಾರಾಂತ್ಯದಲ್ಲಿ ಸ್ವಲ್ಪ ಅನುಕೂಲವಾಯಿತು, ಫ್ಲುಯಾಕ್ಸೆಟಿನ್‌ನವರಿಗೆ ಏನೂ ಆಗಲಿಲ್ಲ. ಸರ್ಟ್ರಾಲಿನ್ ಅರ್ಧಕ್ಕಿಳಿಯಲು ಸುಮಾರು ಒಂದು ದಿನ ಸಾಕಾದರೆ, ಫ್ಲುಯಾಕ್ಸೆಟಿನ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಔಷಧಾಂಶ ವಾರಕ್ಕೂ ಮೀರಿ ಉಳಿಯುವುದೇ ಅದಕ್ಕೆ ಕಾರಣ. ಈ ವಿಧಾನ ನನಗೆ ಒಪ್ಪಿಗೆಯಿಲ್ಲ. ಎರಡು ದಿನ ಬಿಟ್ಟವರಿಗೆ ಮೂರನೆಯ ದಿನ ತಲೆಸುತ್ತು ಬರುತ್ತದೆ, ಬಿಡುವ ರೂಢಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಔಷಧ ಬದಲಿಸುವುದು ಹೆಚ್ಚು ಫಲ ಕೊಡುವ ದಾರಿ. ಬುಪ್ರೊಪಿಯಾನ್ ಸಿರೊಟೋನಿನ್ ಗೋಜಿಗೆ ಹೋಗದೆ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಮೇಲೆ ಕೆಲಸ ಮಾಡುವುದರಿಂದ ಅದರಲ್ಲಿ ಈ ತೊಂದರೆ ಬಹಳ ಕಡಿಮೆ. ಆದರೆ ಫಿಟ್ಸ್ ಇರುವವರಿಗೆ, ಕುಡಿತವನ್ನು ಒಮ್ಮೆಲೇ ಬಿಡುತ್ತಿರುವವರಿಗೆ ಅದನ್ನು ಕೊಡುವಂತಿಲ್ಲ, ಆತಂಕ ಜಾಸ್ತಿಯಿರುವವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಮಿರ್ಟಜಪೈನ್‌ನಲ್ಲಿಯೂ ತೊಂದರೆ ಕಡಿಮೆ, ಮೇಲೆ ಹೇಳಿದ 2001ರ ಅಧ್ಯಯನದಲ್ಲಿ ಅದು ನೂರಕ್ಕೆ 24ರಷ್ಟಿತ್ತು. ನಿದ್ದೆಯಿಲ್ಲದೆ ಸೊರಗಿದವರಿಗೆ ಅದು ವರವೇ ಸರಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಹಸಿವೂ ತೂಕವೂ ಏರುವುದನ್ನು ಯೋಚಿಸಬೇಕು. ವೊರ್ಟಿಯಾಕ್ಸೆಟಿನ್ ಕಡಿಮೆ ಪ್ರಮಾಣದಲ್ಲಿ ಹಗುರ, ಪ್ರಮಾಣ ಏರಿದಂತೆ ಅದರ ಅನುಕೂಲ ಕರಗುತ್ತದೆ, ಬೆಲೆಯೂ ಹೆಚ್ಚು. ಅಗೊಮೆಲಟಿನ್‌ನಲ್ಲಿಯೂ ತೊಂದರೆ ಕಡಿಮೆ, ಆದರೆ ಅದನ್ನು ಕೊಡುವಾಗ ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸಬೇಕಾಗುತ್ತದೆ. ಬದಲಿಸುವಾಗ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸುವ ಕ್ರಮವಿದೆ, ಅದಕ್ಕೆ ವಾರಗಳು ಹಿಡಿಯುತ್ತವೆ. ಹೊಸ ಔಷಧ ನಿಮ್ಮ ಖಿನ್ನತೆಗೆ ಹಳೆಯದರಷ್ಟೇ ಹಿಡಿಯುತ್ತದೆಂಬ ಖಾತರಿ ಯಾರಿಗೂ ಇಲ್ಲ. ಹಲವು ಔಷಧಗಳು ಸೋತ ಮೇಲೆ ಗೆದ್ದ ಔಷಧವಾದರೆ, ಜೀವ ತೆಗೆದುಕೊಳ್ಳುವ ಯೋಚನೆಯವರೆಗೆ ಹೋಗಿ ಅದರಿಂದ ಮರಳಿದವರಾದರೆ, ಅದನ್ನು ಬದಲಿಸದೆ ಅದರ ಜೊತೆಗೆ ಇನ್ನೊಂದನ್ನು ಸೇರಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹಾಗೆ ಸೇರಿಸುವ ಔಷಧಗಳಲ್ಲಿ ಬುಪ್ರೊಪಿಯಾನ್ ಒಂದು, ಸಿಲ್ಡೆನಾಫಿಲ್ ಇನ್ನೊಂದು. ಗೋಡೆ ಬರಹದವರ ಕೈಯಲ್ಲಿ ವಿಷವಾಗುವ ಸಿಲ್ಡೆನಾಫಿಲ್ ವೈದ್ಯರ ಕೈಯಲ್ಲಿ ಪರೀಕ್ಷಿತ ಚಿಕಿತ್ಸೆ. 2003ರಲ್ಲಿ ಅಮೆರಿಕದಲ್ಲಿ ಖಿನ್ನತೆಯ ಮಾತ್ರೆಯಿಂದ ಈ ತೊಂದರೆಗೆ ಒಳಗಾದ 90 ಗಂಡಸರಿಗೆ ನಡೆಸಿದ ಪ್ರಯೋಗದಲ್ಲಿ ಸಿಲ್ಡೆನಾಫಿಲ್ ನುಂಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚೆನ್ನಾಗಿ ಸುಧಾರಿಸಿದರು, ಹೋಲಿಕೆಗೆಂದು ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಐವರೂ ಸುಧಾರಿಸಲಿಲ್ಲ. 2008ರಲ್ಲಿ 98 ಹೆಂಗಸರ ಮೇಲೆ ನಡೆದ ಅಂಥದೇ ಪ್ರಯೋಗದಲ್ಲಿ ಪರಾಕಾಷ್ಠೆಯ ತೊಂದರೆ ತಗ್ಗಿದ್ದು ಕಂಡುಬಂತು, ಬಯಕೆಯ ಕೊರತೆ ಮಾತ್ರ ಅಷ್ಟಾಗಿ ನೀಗಲಿಲ್ಲ. ಹೃದಯದ ಸ್ಥಿತಿ ನೋಡಿ, ನೈಟ್ರೇಟ್ ಇಲ್ಲವೆಂದು ಖಚಿತಪಡಿಸಿಕೊಂಡು ವೈದ್ಯರು ಬರೆದರೆ ಅದರಲ್ಲಿ ನಾಚಿಕೆಯ ಮಾತೇನೂ ಇಲ್ಲ.

ಖರ್ಚಿಲ್ಲದ ಒಂದು ಉಪಾಯವೂ ಇದೆ. ಖಿನ್ನತೆಯ ಮಾತ್ರೆ ನುಂಗುವ 52 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಡುವುದಕ್ಕೆ ತುಸು ಮೊದಲು ಅರ್ಧ ಗಂಟೆ ಬೆವರು ಬರುವಷ್ಟು ವ್ಯಾಯಾಮ ಮಾಡಿದವರಿಗೆ ಬಯಕೆಯೂ ಒಟ್ಟಾರೆ ಸ್ಪಂದನೆಯೂ ಸುಧಾರಿಸಿತ್ತು. ತುಂಬಿದ ಮನೆಯಲ್ಲಿ, ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಆದರೂ ಬೆಳಗಿನ ತಂಪಿನಲ್ಲಿ ಶರಣಬಸವೇಶ್ವರ ಕೆರೆಯ ಸುತ್ತ ಗಂಡ ಹೆಂಡತಿ ಜೊತೆಯಾಗಿ ಬಿರುಸಾಗಿ ನಡೆಯುವುದರಿಂದ ಖಿನ್ನತೆಗೂ ಒಳ್ಳೆಯದೇ.

ಮದುವೆಯಾಗಿ ವರ್ಷವಾಗುವ ಮೊದಲೇ ಮಕ್ಕಳ ಮಾತು ಎತ್ತುವ ಮನೆಗಳಲ್ಲಿ ಈ ತೊಂದರೆ ಬೇರೆಯೇ ಭಾರವಾಗುತ್ತದೆ. ಗಂಡನಿಗೆ ಸ್ಖಲನವೇ ಆಗದಿದ್ದರೆ ಗರ್ಭ ನಿಲ್ಲುವುದಿಲ್ಲ, ದೂಷಣೆ ಹೆಂಡತಿಯ ಮೇಲೆ ಬೀಳುತ್ತದೆ. ಇಂಥಲ್ಲಿ ಮಗು ಬೇಕೆಂಬ ವಿಷಯವನ್ನು ಮನೋವೈದ್ಯರಿಗೆ ಮೊದಲೇ ತಿಳಿಸಬೇಕು. ಹೆಂಡತಿಯೇ ಮಾತ್ರೆ ನುಂಗುತ್ತಿದ್ದರೂ ಅಷ್ಟೇ: ಪ್ಯಾರಾಕ್ಸೆಟಿನ್ ಅನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಮೊದಲೇ ಗೊತ್ತಿದ್ದರೆ ಬೇರೆ ಔಷಧಕ್ಕೆ ಬದಲಿಸಬಹುದು, ಮುಟ್ಟು ನಿಂತಿತೆಂದು ಹೆದರಿ ಒಮ್ಮೆಗೇ ಬಿಡುವುದು ತಾಯಿಗೂ ಮಗುವಿಗೂ ಒಳ್ಳೆಯದಲ್ಲ. ಇನ್ನು ಮದುವೆಯಾಗದ ಹುಡುಗ ಹುಡುಗಿಯರಿಗೂ ಈ ತೊಂದರೆ ಆಗುತ್ತದೆ, ಅವರಿಗೆ ಕೇಳುವ ಹಕ್ಕೇ ಇಲ್ಲವೆಂಬಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ಅವರೂ ಕೇಳಬೇಕು, ವೈದ್ಯರು ಉತ್ತರಿಸಬೇಕು.

ಗಂಡ ಹೆಂಡಿರ ನಡುವಿನ ಮಾತಿಗೆ ಯಾವ ಔಷಧವೂ ಬದಲಿಯಾಗದು. ಹೇಳದೆ ದೂರ ಸರಿಯುವ ಗಂಡನ ಮೇಲೆ ಹೆಂಡತಿಗೆ ಬೇರೆ ಅನುಮಾನ ಹುಟ್ಟುತ್ತದೆ. ಮುಖ ತಿರುಗಿಸುವ ಹೆಂಡತಿಗೆ ತನ್ನ ಮೇಲೆ ಮನಸ್ಸಿಲ್ಲವೆಂದು ಗಂಡ ತಿಳಿಯುತ್ತಾನೆ. "ನಿನ್ನ ಮ್ಯಾಲ ಮನಸ ಕಡಿಮಿ ಆಗಿಲ್ಲ, ಗುಳಿಗಿದಿಂದ ಹಿಂಗ ಆಗ್ಯದ, ಡಾಕ್ಟರಿಗಿ ಕೇಳಾಮು" ಎಂಬಷ್ಟು ಮಾತು ಬಾಯಿಂದ ಹೊರಬಂದರೆ ಜಗಳದ ಬೇರು ಅಲ್ಲಿಗೇ ಒಣಗುತ್ತದೆ. ಸಾಧ್ಯವಾದರೆ ಇಬ್ಬರೂ ಕೂಡಿಯೇ ವೈದ್ಯರ ಬಳಿ ಹೋಗಬೇಕು.

ಮಾತ್ರೆ ನಿಲ್ಲಿಸಿದ ಮೇಲೆ ಬಹುತೇಕರಿಗೆ ಎಲ್ಲವೂ ಮರಳುತ್ತದೆ. ಆದರೆ ಕೆಲವರಲ್ಲಿ ನಿಲ್ಲಿಸಿದ ಮೇಲೂ ತೊಂದರೆ ಉಳಿದ ವರದಿಗಳಿವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2019ರಲ್ಲಿ ಐರೋಪ್ಯ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ ಈ ಎಚ್ಚರಿಕೆಯನ್ನು ಮಾತ್ರೆಯ ಜೊತೆಗಿನ ಮಾಹಿತಿ ಪತ್ರದಲ್ಲಿ ಸೇರಿಸಬೇಕೆಂದು ಹೇಳಿತು. ಹಾಗೆ ಉಳಿಯಿತೆಂದು ಹೇಳುವ ರೋಗಿಯನ್ನು ಭ್ರಮೆಯೆಂದು ಕಳಿಸಿಬಿಡುವ ವೈದ್ಯರಿಗಿಂತ, ಕೂರಿಸಿಕೊಂಡು ಕೇಳಿ, ಹಾರ್ಮೋನು, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸುವ ವೈದ್ಯರನ್ನು ಹುಡುಕಿಕೊಳ್ಳಬೇಕು.

ಈ ಮಾತು ಹೊರಗೆ ಹೋದೀತೆಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸೆ ನೀಡುವವರ ಮೇಲೆ ಹೊರಿಸಿದೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಎರಡು ನಿಮಿಷ ಒಬ್ಬರೇ ಮಾತಾಡಬೇಕೆಂದು ಕೇಳುವುದು ನಿಮ್ಮ ಹಕ್ಕು. ಜಿಲ್ಲಾ ಕೇಂದ್ರದವರೆಗೆ ಬರಲಾಗದವರಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ; ಹೊರಡುವ ಮೊದಲು ಆ ವಾರ ವೈದ್ಯರು ಬರುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಮುಖ ತೋರಿಸಿ ಮಾತಾಡಲು ಸಂಕೋಚವಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಕರೆ ಮಾಡುವಾಗ ಮಾತ್ರೆಯ ಸ್ಟ್ರಿಪ್ ಅನ್ನು ಕೈಯಲ್ಲಿ ಹಿಡಿದುಕೊಂಡಿರಿ, ಮತ್ತು ವೈದ್ಯರ ಭೇಟಿಯಾಗುವವರೆಗೆ ಈಗ ನುಂಗುತ್ತಿರುವ ಮಾತ್ರೆಯನ್ನು ಬರೆದುಕೊಟ್ಟಂತೆಯೇ ಮುಂದುವರಿಸಿರಿ.